ಜೊಲ್ತಾನ್ ಕೊಚಿಶ್: ಹಂಗೇರಿಯ ಪಿಯಾನೊ ವಾದಕರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಚಿಶ್ ಯಾರು?

ಪಿಯಾನೊ ವಾದಕ, ವಾದ್ಯವೃಂದದ ನಿರ್ದೇಶಕ, ಸಂಯೋಜಕ. 1952ರ ಮೇ 30ರಂದು ಬುಡಾಪೆಸ್ಟಿನಲ್ಲಿ ಹುಟ್ಟಿದರು, 2016ರ ನವೆಂಬರ್ 6ರಂದು ಅದೇ ಊರಿನಲ್ಲಿ ತೀರಿಕೊಂಡರು. ಬಾಖ್, ಬೀಥೋವನ್ ನುಡಿಸುತ್ತಿದ್ದ ಕೈಯಲ್ಲೇ ಇನ್ನೂ ಶಾಯಿ ಆರದ ಹೊಸ ರಚನೆಗಳನ್ನೂ ನುಡಿಸುತ್ತಿದ್ದರು. ಆಂದ್ರಾಶ್ ಶಿಫ್, ದೆಜೊ ರಾಂಕಿ ಇವರ ಓರಗೆಯವರು. ಎಪ್ಪತ್ತರ ದಶಕದಲ್ಲಿ ಹಂಗೇರಿಯ ಪಿಯಾನೊ ಎಂದರೆ ಈ ಮೂವರ ಹೆಸರೂ ಒಟ್ಟಿಗೆ ಬರುತ್ತಿತ್ತು.

ಹೆಸರನ್ನು ಹೇಗೆ ಹೇಳಬೇಕು? ಕೋಕ್ಸಿಸ್ಸೋ, ಕೊಸಿಸ್ಸೋ?

ಎರಡೂ ಅಲ್ಲ, ಕೊಚಿಶ್. ಹಂಗೇರಿಯನ್ ಬರವಣಿಗೆಯಲ್ಲಿ ‘ಸಿ’ ಮತ್ತು ‘ಎಸ್’ ಜೊತೆಯಾಗಿ ಬಂದರೆ ‘ಚ’, ‘ಎಸ್’ ಒಂದೇ ಇದ್ದರೆ ‘ಶ’, ‘ಎಸ್’ ಮತ್ತು ‘ಜಡ್’ ಜೊತೆಯಾದರೆ ‘ಸ’. ಹಂಗೇರಿಯ ಸಂಯೋಜಕ ಲಿಸ್ಟ್ ಅವರ ಹೆಸರಿನ ಮಧ್ಯೆ ‘ಜಡ್’ ಇರುವುದು ಇದಕ್ಕೇ. ಒತ್ತು ಯಾವಾಗಲೂ ಪದದ ಮೊದಲ ಅಕ್ಷರದ ಮೇಲೆ. ಇದು ಬರೀ ಉಚ್ಚಾರದ ಮಾತಲ್ಲ, ಸಂಗೀತಕ್ಕೂ ಸಂಬಂಧಪಟ್ಟದ್ದು. ಅದು ಮುಂದೆ ಬರುತ್ತದೆ.

ಹಂಗೇರಿಯವರು ಮನೆತನದ ಹೆಸರನ್ನು ಮೊದಲು ಹೇಳುತ್ತಾರೆ. ಹಾಗಾಗಿ ಅಲ್ಲಿನ ಮುದ್ರಿಕೆಗಳ ಮೇಲೆ ‘ಕೊಚಿಶ್ ಜೊಲ್ತಾನ್’ ಎಂದಿರುತ್ತದೆ. ಅದು ಬೇರೆ ಮನುಷ್ಯ ಅಲ್ಲ. ಕೊಚಿಶ್ ಎಂದರೆ ಸಾರಥಿ, ಗಾಡಿ ಹೊಡೆಯುವವನು. ‘ಕೋಚ್’ ಎಂಬ ಊರಿನಲ್ಲಿ ಮಾಡುತ್ತಿದ್ದ ಗಾಡಿಗೆ ಊರಿನ ಹೆಸರೇ ಅಂಟಿಕೊಂಡು, ಯುರೋಪೆಲ್ಲ ಸುತ್ತಿ, ಇಂಗ್ಲಿಷಿಗೆ ಹೋಗಿ, ಅಲ್ಲಿಂದ ನಮ್ಮ ರೈಲಿನ ಕೋಚಿನವರೆಗೂ ಬಂದಿದೆ.

ಹಳೆಯ ಶಾಸ್ತ್ರೀಯ ಸಂಗೀತ, ಹೊಸ ಸಂಗೀತ ಎರಡನ್ನೂ ಬೆರೆಸಿದರು ಅಂತಾರೆ. ಅಂದರೆ ಫ್ಯೂಷನ್ನಾ?

ಅಲ್ಲ. ಬೀಥೋವನ್ನಿಗೆ ಡ್ರಮ್ ಸೇರಿಸುವ ಕೆಲಸ ಅವರು ಮಾಡಲಿಲ್ಲ. ಹಳೆಯದಕ್ಕೂ ಹೊಸದಕ್ಕೂ ಒಂದೇ ಅಳತೆಗೋಲು ಇಟ್ಟರು, ಅಷ್ಟೆ. ಬರೆದವರು ತಾವೇ ಹೇಗೆ ನುಡಿಸಿದರು, ಹೇಗೆ ಮಾತಾಡಿದರು, ಯಾವ ಹಾಡು ಕೇಳಿ ಬೆಳೆದರು ಎನ್ನುವುದನ್ನು ತಿಳಿದುಕೊಂಡು ಸ್ವರಲಿಪಿ ಓದುವುದು ಅವರ ದಾರಿ. ನಮ್ಮಲ್ಲಿ ಇದಕ್ಕೆ ಒಳ್ಳೆಯ ಮಾತಿದೆ, ಪಾಠಾಂತರ. ಕೃತಿಯನ್ನು ಪುಸ್ತಕದಿಂದ ಸ್ವರ ಹಾಕಿಕೊಂಡು ಹಾಡುವುದಕ್ಕೂ ಗುರುಮುಖದಿಂದ ಕಲಿತು ಹಾಡುವುದಕ್ಕೂ ಇರುವ ಅಂತರ ಕನ್ನಡದ ಸಂಗೀತದ ಮನೆಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಪಾಶ್ಚಾತ್ಯ ಸಂಗೀತದಲ್ಲಿ ಪುಸ್ತಕವೇ ಪ್ರಮಾಣ ಎಂಬ ನಂಬಿಕೆ ಬಲವಾಗಿದೆ. ಕೊಚಿಶ್ ಅದರ ಪಕ್ಕದಲ್ಲಿ ಧ್ವನಿಮುದ್ರಿಕೆಯನ್ನೂ ಪ್ರಮಾಣವಾಗಿ ಇಟ್ಟರು.

ಕಲಿತದ್ದು ಯಾರಲ್ಲಿ?

ಐದನೇ ವಯಸ್ಸಿಗೆ ಪಿಯಾನೊ. 1963ರಲ್ಲಿ ಬುಡಾಪೆಸ್ಟಿನ ಬಾರ್ತೋಕ್ ಸಂಗೀತ ಶಾಲೆಗೆ ಸೇರಿ ಪಿಯಾನೊ ಜೊತೆಗೆ ಸಂಯೋಜನೆಯನ್ನೂ ಕಲಿತರು. 1968ರಿಂದ 1973ರವರೆಗೆ ಲಿಸ್ಟ್ ಅಕಾಡೆಮಿ. ಅಲ್ಲಿ ಪಿಯಾನೊಗೆ ಪಾಲ್ ಕಾದೊಶಾ ಮತ್ತು ಫೆರೆಂತ್ಸ್ ರಾದೊಶ್, ಕೂಡುವಾದನಕ್ಕೆ ಗ್ಯೋರ್ಗಿ ಕುರ್ತಾಗ್. ಈ ಮೂರರಲ್ಲಿ ಎರಡು ಹೆಸರು ಗಮನಿಸಿ: ಕಾದೊಶಾ, ಕುರ್ತಾಗ್ ಇಬ್ಬರೂ ಸ್ವತಃ ಸಂಯೋಜಕರು. ಬರೆಯುವವರ ಕೈಕೆಳಗೆ ನುಡಿಸಲು ಕಲಿತ ಹುಡುಗನಿಗೆ ‘ಹೊಸ ಸಂಗೀತ’ ಎಂಬುದು ಬೇರೆ ಕೋಣೆಯಲ್ಲಿ ಇಟ್ಟ ವಸ್ತು ಆಗಲಿಲ್ಲ.

1970ರಲ್ಲಿ, 18ನೇ ವಯಸ್ಸಿಗೆ, ಹಂಗೇರಿ ರೇಡಿಯೊದ ಬೀಥೋವನ್ ಸ್ಪರ್ಧೆ ಗೆದ್ದರು. ಹೊರದೇಶದ ಕಛೇರಿಗಳು ಅಲ್ಲಿಂದ ಶುರು. 1973ರಲ್ಲಿ ಲಿಸ್ಟ್ ಪ್ರಶಸ್ತಿ, 1978ರಲ್ಲಿ ಹಂಗೇರಿ ಸರ್ಕಾರದ ಕೊಶೂತ್ ಪ್ರಶಸ್ತಿ. ಎರಡನೆಯ ಕೊಶೂತ್ 2005ರಲ್ಲಿ ಬಂತು.

‘ಹೊಸ ಸಂಗೀತ ಸ್ಟುಡಿಯೊ’ ಏನದು?

ಬೀಥೋವನ್ ಸ್ಪರ್ಧೆ ಗೆದ್ದ ಅದೇ 1970ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿದ ಗುಂಪು. ಪೇತರ್ ಎಯೊತ್ವೊಶ್, ಜೊಲ್ತಾನ್ ಯೆನೈ, ಲಾಸ್ಲೊ ಶಾರಿ, ಲಾಸ್ಲೊ ವಿದೋವ್‌ಸ್ಕಿ, ಆಲ್ಬರ್ಟ್ ಶಿಮೋನ್ ಜೊತೆಗೆ ಕೊಚಿಶ್ ಕೂಡ ಇದ್ದರು. ಆಗಿನ ಹಂಗೇರಿಯಲ್ಲಿ ಕಲೆಯನ್ನು ಸರ್ಕಾರ ಮೂರು ಪಾಲು ಮಾಡಿತ್ತು: ಪೋಷಿಸುವುದು, ಸಹಿಸುವುದು, ನಿಷೇಧಿಸುವುದು. ಹಂಗೇರಿಯನ್ನಿನಲ್ಲಿ ಮೂರೂ ಪದ ‘ತ’ಕಾರದಿಂದ ಶುರುವಾಗುವುದರಿಂದ ಜನ ಇದನ್ನು ‘ಮೂರು ತ’ ಎನ್ನುತ್ತಿದ್ದರು. ಅಮೆರಿಕದ ಪ್ರಯೋಗಶೀಲ ಸಂಯೋಜಕ ಜಾನ್ ಕೇಜ್ ಥರದವರ ಸಂಗೀತ ಸಹಿಸುವ ಪಾಲಿನದು. ತಮಾಷೆ ಎಂದರೆ ಈ ಗುಂಪಿಗೆ ಆಸರೆ ಸಿಕ್ಕಿದ್ದು ಕಮ್ಯುನಿಸ್ಟ್ ಯುವಸಂಘದ ಕಲಾವಿಭಾಗದ ಚಾವಣಿಯ ಕೆಳಗೇ.

ಒಬ್ಬರ ಸಹಿ ಇಲ್ಲದ, ಕೂಡಿ ಬರೆದ ರಚನೆಗಳೂ ಇಲ್ಲಿ ಹುಟ್ಟಿದವು. 1975ರಲ್ಲಿ ಗುರು ಕುರ್ತಾಗ್ ಅವರಿಗೆ ಗೌರವವಾಗಿ ಐವರು ಸೇರಿ ಒಂದು ರಚನೆ ಮಾಡಿದರು, ಅದರಲ್ಲಿ ಕೊಚಿಶ್ ಒಬ್ಬರು.

ಬಾರ್ತೋಕ್ ವಿಷಯದಲ್ಲಿ ಇವರ ಮಾತಿಗೆ ಅಷ್ಟು ತೂಕ ಏಕೆ?

ಹಂಗೇರಿಯ ಸಂಯೋಜಕ ಬೇಲಾ ಬಾರ್ತೋಕ್ (1881–1945) ಒಳ್ಳೆಯ ಪಿಯಾನೊ ವಾದಕರೂ ಹೌದು. 1907ರಿಂದ ಲಿಸ್ಟ್ ಅಕಾಡೆಮಿಯಲ್ಲಿ ಅವರು ಕಲಿಸಿದ್ದು ಸಂಯೋಜನೆ ಅಲ್ಲ, ಪಿಯಾನೊ. ಅವರ ವಾದನ ಅಲ್ಲೊಂದು ಇಲ್ಲೊಂದು ಮುದ್ರಣವಾಗಿ ಚೆದುರಿಹೋಗಿತ್ತು. ಬಾರ್ತೋಕ್ ಜನ್ಮಶತಮಾನೋತ್ಸವದ 1981ರಲ್ಲಿ ಸಂಗೀತ ವಿದ್ವಾಂಸ ಲಾಸ್ಲೊ ಶೊಮ್‌ಫೈ ಮತ್ತು ಕೊಚಿಶ್ ಸೇರಿ ಅದನ್ನೆಲ್ಲ ಸಂಪಾದಿಸಿದರು, ಹಂಗೇರಿಯ ಮುದ್ರಿಕೆ ಕಂಪನಿ ಹುಂಗರೊಟಾನ್ ಪ್ರಕಟಿಸಿತು. ಸ್ಟುಡಿಯೊದ ಮುದ್ರಿಕೆಗಳು ಒಂದು ಭಾಗ. ಮನೆಗಳಲ್ಲಿ ಉಳಿದ ಖಾಸಗಿ ಮುದ್ರಿಕೆಗಳು ಇನ್ನೊಂದು: ರೇಡಿಯೊ ಪ್ರಸಾರವನ್ನು ಮನೆಯಲ್ಲೇ ತಟ್ಟೆಯ ಮೇಲೆ ಹಿಡಿದ ತುಣುಕುಗಳು, ಗರಗರ ಸದ್ದು, ತಟ್ಟೆ ಮುಗಿದಲ್ಲಿ ಸಂಗೀತವೂ ಕಡಿದುಹೋಗುತ್ತದೆ. ಮೊದಲ ಸಲ ಕೇಳುವವರು ಖಾಸಗಿ ಭಾಗದಿಂದ ಶುರು ಮಾಡಬೇಡಿ, ಬೇಸರವಾಗುತ್ತದೆ.

ಆಮೇಲೆ ಬಾರ್ತೋಕರ ಒಂಟಿ ಪಿಯಾನೊ ರಚನೆಗಳನ್ನೆಲ್ಲ ಕೊಚಿಶ್ ಫಿಲಿಪ್ಸ್ ಕಂಪನಿಗೆ ನುಡಿಸಿ ಮುದ್ರಿಸಿದರು. ಅವರ ಬಾರ್ತೋಕ್ ಕೇಳಿದರೆ ‘ಕುಟ್ಟುವ ಬಾರ್ತೋಕ್’ ಎಂಬ ಕಲ್ಪನೆ ಹೋಗುತ್ತದೆ. ಪಿಯಾನೊವನ್ನು ತಮಟೆಯಂತೆ ಬಡಿದರೆ ಅದೇ ಆಧುನಿಕತೆ ಎಂದುಕೊಂಡವರು ಈಗಲೂ ಕಡಿಮೆ ಏನಿಲ್ಲ. ಬಾರ್ತೋಕರ ಸ್ವಂತ ಮುದ್ರಿಕೆಯಲ್ಲಿ ಕೇಳುವುದು ಮಾತಾಡುವ ಲಯ.

‘ಮಾತಾಡುವ ಲಯ’ ಅಂದರೆ? ಒಂದು ಉದಾಹರಣೆ ಕೊಡಿ.

1908ರ ‘ಹತ್ತು ಸುಲಭ ರಚನೆಗಳು’ ಪುಸ್ತಕದಲ್ಲಿ ಟ್ರಾನ್ಸಿಲ್ವೇನಿಯಾದ ಸೆಕೆಯ್ ಜನರ ಊರಿನ ಸಂಜೆಯ ಮೇಲೆ ಒಂದು ಚಿಕ್ಕ ರಚನೆ ಇದೆ. ಸಾಮಾನ್ಯವಾಗಿ ‘ಟ್ರಾನ್ಸಿಲ್ವೇನಿಯಾದಲ್ಲಿ ಸಂಜೆ’ ಎಂಬ ಹೆಸರಲ್ಲಿ ಸಿಗುತ್ತದೆ. ನಿಧಾನದ ಭಾಗ, ಚುರುಕಿನ ಭಾಗ, ಮತ್ತೆ ನಿಧಾನ, ಮತ್ತೆ ಚುರುಕು, ಕೊನೆಗೆ ನಿಧಾನ. ಜನಪದ ಹಾಡಿನ ಹಾಗೇ ಕೇಳಿಸಿದರೂ ಧಾಟಿ ಬಾರ್ತೋಕರ ಸ್ವಂತದ್ದು.

ನಿಧಾನದ ಧಾಟಿಯನ್ನು ಷಡ್ಜ ಇಟ್ಟುಕೊಂಡು ಹಾಡಿ ನೋಡಿ: ಸ ಗ ಮ ಪ ನಿ, ಐದೇ ಸ್ವರ. ಶುದ್ಧ ಧನ್ಯಾಸಿಯ ಸ್ವರಗಳೇ. ಆದರೆ ಗಮಕ ಇಲ್ಲ, ಕೆಳಗೆ ಬರುವ ಎಡಗೈಯ ಸ್ವರಗುಚ್ಛಗಳು ಈ ಐದರ ಹೊರಗೂ ಹೋಗುತ್ತವೆ. ಆದ್ದರಿಂದ ರಾಗ ಒಂದೇ ಎನ್ನಬೇಡಿ, ಸ್ವರಗಳು ಒಂದೇ ಎನ್ನಿ.

ಕಲಿಯುವವರು ತಪ್ಪುವುದು ಎಲ್ಲಿ? ಸ್ವರಲಿಪಿಯಲ್ಲಿ ಒಂದು ಸ್ವರ ಮೂರು ಪಾಲು, ಇನ್ನೊಂದು ಒಂದು ಪಾಲು ಎಂದು ಬರೆದಿದ್ದರೆ ಅದನ್ನೇ ಮೆಟ್ರೊನೋಮಿನಂತೆ (ಲಯ ಎಣಿಸುವ ಯಂತ್ರ) ನುಡಿಸುವಲ್ಲಿ. ಬಾರ್ತೋಕ್ ಹಾಗೆ ನುಡಿಸುವುದಿಲ್ಲ. ಹಂಗೇರಿಯನ್ ಮಾತಿನಲ್ಲಿ ಒತ್ತು ಮೊದಲ ಅಕ್ಷರಕ್ಕೆ, ಆದರೆ ಎರಡನೆಯ ಅಕ್ಷರ ದೀರ್ಘವಾಗಿರಬಹುದು. ಒತ್ತು ಒಂದು ಕಡೆ, ಉದ್ದ ಇನ್ನೊಂದು ಕಡೆ. ಈ ರಚನೆಯ ನಿಧಾನದ ಭಾಗದಲ್ಲಿ ಆ ಮಾತಿನ ಎಳೆತ ಕೇಳಿಸುತ್ತದೆ. ಚುರುಕಿನ ಭಾಗ ಬಂದ ಕೂಡಲೇ ಅದೇ ಕೈ ಗಟ್ಟಿ ಲೆಕ್ಕಕ್ಕೆ ಬರಬೇಕು. ಆ ಬದಲಾವಣೆ ತೆಳ್ಳಗಾದರೆ ರಚನೆಯೇ ಸಪ್ಪೆ. ಅಭ್ಯಾಸಕ್ಕೆ ಇದು ಸಾಕು: ನಿಧಾನದ ಸಾಲನ್ನು ಮೊದಲು ಬಾಯಲ್ಲಿ ಹಾಡಿ, ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಪೆಡಲನ್ನು ಅಲ್ಲಿ ಮಾತ್ರ ಪೂರ್ತಿ ಬಿಡಿ. ಚುರುಕಿನ ಸಾಲಿಗೆ ಮಾತ್ರ ಮೆಟ್ರೊನೋಮ್.

ಬಾರ್ತೋಕರ ‘ಮಿಕ್ರೊಕೋಸ್ಮೊಸ್’ ಕಲಿಯುತ್ತಿದ್ದೇನೆ. 149ನೆಯದರಲ್ಲಿ ತಾಳ ತಪ್ಪುತ್ತದೆ. ಏಕೆ?

ಕರ್ನಾಟಕ ಸಂಗೀತ ಗೊತ್ತಿರುವವರೇ ಇಲ್ಲಿ ಹೆಚ್ಚು ತಪ್ಪುತ್ತಾರೆ, ಅದಕ್ಕೆ ಕಾರಣವೂ ಇದೆ. ‘ಮಿಕ್ರೊಕೋಸ್ಮೊಸ್’ 6 ಸಂಪುಟ, 153 ರಚನೆ. ಕೊನೆಯ ಆರು, ಅಂದರೆ 148ರಿಂದ 153, ಬಲ್ಗೇರಿಯದ ಲಯದ ಕುಣಿತಗಳು. 149 ಏಳರ ಲೆಕ್ಕ, ಆದರೆ 2+2+3. ನಮ್ಮ ಮಿಶ್ರಛಾಪು 3+2+2. ಕಿವಿಗೆ ಏಳು ಬಿದ್ದ ಕೂಡಲೇ ಕೈ ತಾನಾಗಿ ಮೂರನ್ನು ಮುಂದಕ್ಕೆ ತರುತ್ತದೆ, ಸಮ ಜಾರುತ್ತದೆ. ಸಂಖ್ಯೆ ಎಣಿಸುವ ಬದಲು ಸೊಲ್ಲು ಹೇಳಿಕೊಳ್ಳಿ:

148: ತಕಧಿಮಿ ತಕ ತಕಿಟ (4+2+3)
149: ತಕ ತಕ ತಕಿಟ (2+2+3)
150: ತಕ ತಕಿಟ (2+3, ಇದು ಖಂಡಛಾಪುವೇ, ಇಲ್ಲಿಂದ ಶುರು ಮಾಡಿ)
151: ತಕಿಟ ತಕ ತಕಿಟ (3+2+3)
152: ತಕ ತಕ ತಕ ತಕಿಟ (2+2+2+3)
153: ತಕಿಟ ತಕಿಟ ತಕ (3+3+2)

ಮೊದಲ ಮೂರು ದಿನ ಪಿಯಾನೊ ಮುಟ್ಟದೆ ಸೊಲ್ಲು ಹೇಳುತ್ತಾ ಪ್ರತಿ ಗುಂಪಿನ ಮೊದಲಿಗೆ ಚಪ್ಪಾಳೆ. ಆಮೇಲೆ ಎಡಗೈ ಮಾತ್ರ, ಒಂದೊಂದು ಅಕ್ಷರಕ್ಕೆ ಒಂದು ಬಡಿತದಂತೆ ಮೆಟ್ರೊನೋಮ್ 120ರಲ್ಲಿ. ಹತ್ತು ಹತ್ತು ಏರಿಸಿ 200 ಮುಟ್ಟಿದ ಮೇಲೆ ಮೆಟ್ರೊನೋಮನ್ನು ಆವರ್ತಕ್ಕೆ ಒಂದೇ ಬಡಿತ ಬರುವಂತೆ ಬದಲಿಸಿ. ಅಕ್ಷರಕ್ಕೊಂದು ಬಡಿತ ಇಟ್ಟೇ ವೇಗಕ್ಕೆ ಹೋದರೆ ಏಳೂ ಸಮಸಮವಾಗಿ ಒತ್ತಾಗಿ, ಕುಣಿತ ಹೋಗಿ ಹೊಲಿಗೆ ಯಂತ್ರದ ಸದ್ದು ಉಳಿಯುತ್ತದೆ. ಇನ್ನೊಂದು ಅಡ್ಡಿ: ಕೊನೆಯ ಮೂರನ್ನು ಅವಸರದಲ್ಲಿ ಎರಡೂವರೆ ಮಾಡುವುದು. ನಿಮ್ಮ ವಾದನವನ್ನು ಫೋನಿನಲ್ಲಿ ಮುದ್ರಿಸಿ, ಅದರ ಮೇಲೆ ಸೊಲ್ಲು ಹೇಳಿ ನೋಡಿ. ಸೊಲ್ಲಿನ ಕೊನೆಯ ‘ಟ’ ನುಂಗಿಹೋದರೆ ಅಲ್ಲೇ ರೋಗ.

ಕುರ್ತಾಗ್ ಜೊತೆಗಿನ ನಂಟು ಎಂಥದ್ದು?

ಶಿಷ್ಯನಾಗಿ ಶುರುವಾದದ್ದು, ಆಮೇಲೆ ಗುರುವೇ ಶಿಷ್ಯನಿಗಾಗಿ ಬರೆದರು. ಪಿಯಾನೊ ಮತ್ತು ವಾದ್ಯಗುಂಪುಗಳಿಗಾಗಿ ಬರೆದ ‘...ಕ್ವಾಸಿ ಊನಾ ಫಾಂತಸಿಯಾ...’ 1988ರಲ್ಲಿ ಬರ್ಲಿನ್ನಿನಲ್ಲಿ ಮೊದಲ ಸಲ ಕೇಳಿಬಂದಾಗ ಪಿಯಾನೊದಲ್ಲಿ ಕೊಚಿಶ್, ನಿರ್ದೇಶನ ಹೊಸ ಸಂಗೀತ ಸ್ಟುಡಿಯೊದ ಗೆಳೆಯ ಎಯೊತ್ವೊಶ್. ವಾದ್ಯದವರು ವೇದಿಕೆ ಮೇಲೆ ಒಂದೇ ಕಡೆ ಕೂರುವುದಿಲ್ಲ, ಸಭಾಂಗಣದ ಸುತ್ತ ಹರಡಿಕೊಳ್ಳುತ್ತಾರೆ. ಮೊದಲಿಗೆ ಪಿಯಾನೊ ಮಾಡುವುದೇನು? ಮಗು ಮೊದಲ ಪಾಠದಲ್ಲಿ ನುಡಿಸುವಂಥ ಇಳಿಯುವ ಸ್ವರಾವಳಿ, ಕೇಳಿಸೀತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ. ಇದನ್ನು ಹೆಡ್‌ಫೋನಿನಲ್ಲಿ ಕೇಳಿ. ಫೋನಿನ ಸ್ಪೀಕರಿನಲ್ಲಿ ಹಾಕಿ ‘ಏನೂ ಬರ್ತಿಲ್ಲ’ ಎಂದು ದನಿ ಏರಿಸಿದರೆ ಮುಂದಿನ ಜೋರು ಭಾಗಕ್ಕೆ ಬೆಚ್ಚಿಬೀಳುತ್ತೀರಿ.

ಇದಾದ ಮೇಲೆ ಕೊಚಿಶ್ ಮತ್ತು ಚೆಲ್ಲೊ ವಾದಕ ಮಿಕ್ಲೋಶ್ ಪೆರೇನಿ ಇಬ್ಬರಿಗಾಗಿ ಕುರ್ತಾಗ್ ಒಂದು ಜೋಡಿ ಕನ್ಚೆರ್ಟೊ (ಮುಖ್ಯ ವಾದಕರೂ ವಾದ್ಯಗುಂಪೂ ಕೂಡಿ ನುಡಿಸುವ ರಚನೆ) ಬರೆದರು.  

ಕುರ್ತಾಗರ ‘ಯಾತೇಕೋಕ್’ ಮನೆಯಲ್ಲಿ ನುಡಿಸಬಹುದಾ?

ನುಡಿಸಬಹುದು, ಮಕ್ಕಳಿಗೆಂದೇ 1973ರಲ್ಲಿ ಶುರುವಾದ ಮಾಲೆ. ಹೆಸರಿನ ಅರ್ಥ ‘ಆಟಗಳು’. ಮೊದಲ ಪುಟಗಳಲ್ಲಿ ಗುರುತುಗಳ ವಿವರಣೆ ಇದೆ, ಅದನ್ನು ದಾಟಿಸಿ ಹೋಗಬೇಡಿ. ಅಂಗೈ ಇಡುವುದಕ್ಕೆ ಒಂದು ಗುರುತು, ಮುಂಗೈ ಪೂರ್ತಿ ಇಡುವುದಕ್ಕೆ ಇನ್ನೊಂದು. ಒಂದು ರಚನೆಯಲ್ಲಿ ಬರೀ ‘ಸಿ’ ಸ್ವರವೇ ಬೇರೆ ಬೇರೆ ಸ್ಥಾಯಿಗಳಲ್ಲಿ ಬರುತ್ತದೆ. ಇನ್ನೊಂದರಲ್ಲಿ ಕೀಗಳ ಮೇಲೆ ಕೈ ಜಾರಿಸುವ ಗ್ಲಿಸಾಂಡೊ ಬಿಟ್ಟು ಬೇರೇನಿಲ್ಲ.

ಗ್ಲಿಸಾಂಡೊದಲ್ಲಿ ಚರ್ಮ ಸುಲಿಯುವುದು ಸಾಮಾನ್ಯ. ಬಿಳಿ ಕೀಗಳ ಮೇಲೆ ಬಲಕ್ಕೆ ಹೋಗುವಾಗ ಬಲಗೈ ನಡುಬೆರಳಿನ ಉಗುರು, ಎಡಕ್ಕೆ ಬರುವಾಗ ಹೆಬ್ಬೆರಳಿನ ಉಗುರು. ಉಗುರಿನ ಬುಡದ ಚರ್ಮ ತಾಗಬಾರದು, ಕೀಯನ್ನು ತಳದವರೆಗೆ ಒತ್ತಬಾರದು. ಕಪ್ಪು ಕೀಗಳ ಮೇಲೆ ಬೆರಳುಗಳ ಮೆತ್ತನೆಯ ಭಾಗ ಸಾಕು. ಒಂದೇ ದಿನ ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ.

ಅಂಗೈ ಇಡುವಾಗ ಭುಜದಿಂದ ಗುದ್ದಿದರೆ ಗಲಾಟೆ ಬರುತ್ತದೆ, ಸಂಗೀತ ಬರುವುದಿಲ್ಲ. ಅಂಗೈ ಮೊದಲು ಕೀಗಳನ್ನು ಮುಟ್ಟಲಿ, ಆಮೇಲೆ ತೂಕ ಬಿಡಿ. ಮೆಲ್ಲಗೆ ಎಂದು ಬರೆದಲ್ಲಿ ಕೆಲವು ಕೀ ಸದ್ದೇ ಮಾಡದಿದ್ದರೆ ಚಿಂತೆ ಇಲ್ಲ.

ನನ್ನ ಹತ್ತಿರ ಎಲೆಕ್ಟ್ರಾನಿಕ್ ಕೀಬೋರ್ಡ್ ಇದೆ. ಸಾಲದಾ?

‘ಮಿಕ್ರೊಕೋಸ್ಮೊಸ್’ ಮೊದಲ ಸಂಪುಟಗಳಿಗೆ 61 ಕೀ ಧಾರಾಳ. ಎರಡು ಕಡೆ ಕೈಕೊಡುತ್ತದೆ.

ಮೊದಲನೆಯದು ಮುಂಗೈ ರಚನೆಗಳು. ಎರಡು ಸ್ಥಾಯಿಯ ಬಿಳಿ ಕೀಗಳು 15, ಎರಡೂ ಮುಂಗೈ ಇಟ್ಟರೆ 30. ಕಡಿಮೆ ಬೆಲೆಯ ಕೀಬೋರ್ಡುಗಳಲ್ಲಿ ಒಟ್ಟಿಗೆ ನಿಲ್ಲುವ ಸದ್ದು 32 ಮಾತ್ರ ಇರಬಹುದು. ಸ್ಟೀರಿಯೊ ದನಿಯಾದರೆ ಒಂದು ಸ್ವರಕ್ಕೆ ಎರಡು ಲೆಕ್ಕ. ಪೆಡಲ್ ಹಿಡಿದು ಇನ್ನೊಂದು ಸಲ ಮುಂಗೈ ಇಟ್ಟರೆ ಹಳೆಯ ಸ್ವರಗಳು ಮಧ್ಯದಲ್ಲೇ ಕತ್ತರಿಸಿಹೋಗುತ್ತವೆ. ಕೀಬೋರ್ಡ್ ಕೆಟ್ಟಿಲ್ಲ, ಅದರ ಮಿತಿಯೇ ಅಷ್ಟು.

ಎರಡನೆಯದು ‘ಮಿಕ್ರೊಕೋಸ್ಮೊಸ್’ 102, ಅನುಸ್ವರಗಳ ರಚನೆ. ಒಂದು ಕೈ ಕೀಗಳನ್ನು ಸದ್ದಿಲ್ಲದೆ ಒತ್ತಿ ಹಿಡಿಯಬೇಕು, ಇನ್ನೊಂದು ಕೈ ಬೇರೆ ಕೀ ಹೊಡೆಯಬೇಕು. ಒತ್ತಿ ಹಿಡಿದ ತಂತಿಗಳ ಮೇಲಿನ ಅದುಮುಗಟ್ಟೆ (ಸದ್ದು ಅಡಗಿಸುವ ಡ್ಯಾಂಪರ್) ಎದ್ದಿರುವುದರಿಂದ ಅವು ತಾವಾಗಿ ಮೊಳಗುತ್ತವೆ. ನಿಜವಾದ ಪಿಯಾನೊ ಸಿಕ್ಕರೆ ಪರೀಕ್ಷೆ ಮಾಡಿ: ನಡುವಿನ ‘ಸಿ’ಯನ್ನು ಬಹಳ ನಿಧಾನ ಒತ್ತಿ ಹಿಡಿಯಿರಿ, ಅದರ ಕೆಳಸ್ಥಾಯಿಯ ‘ಸಿ’ಯನ್ನು ಚುರುಕಾಗಿ ಹೊಡೆದು ತಕ್ಷಣ ಬಿಡಿ. ಹೊಡೆದದ್ದು ನಿಂತರೂ ಹಿಡಿದದ್ದು ಹಾಡುತ್ತಿರುತ್ತದೆ. ಈಗ ನಡುವಿನ ‘ಸಿ’ ಬಿಟ್ಟು ಅದರ ಮೇಲಿನ ಪಂಚಮ ಹಿಡಿಯಿರಿ, ಅದೂ ಮೊಳಗುತ್ತದೆ, ಸ್ವಲ್ಪ ಸಣ್ಣಗೆ. ಪಂಚಮದ ಪಕ್ಕದ ಕೆಳಗಿನ ಕಪ್ಪು ಕೀ ಹಿಡಿದರೆ ಏನೂ ಬರುವುದಿಲ್ಲ. ತಂಬೂರಿ ಶ್ರುತಿ ಮಾಡುವವರಿಗೆ ಇದು ಹೊಸದೇನಲ್ಲ. ತಂತಿಗಳ ಅನುರಣನವನ್ನು ಅನುಕರಿಸುವ ದುಬಾರಿ ಡಿಜಿಟಲ್ ಪಿಯಾನೊಗಳಲ್ಲಿ ಬಂದೀತು, ಸಾದಾ ಕೀಬೋರ್ಡಿನಲ್ಲಿ ಬರುವುದಿಲ್ಲ.

ವಾದನ ಬಿಟ್ಟು ನಿರ್ದೇಶನಕ್ಕೆ ಹೋದರಂತೆ?

ಬಿಡಲಿಲ್ಲ, ಕಡಿಮೆ ಮಾಡಿದರು. 1983ರಲ್ಲಿ ನಿರ್ದೇಶಕ ಇವಾನ್ ಫಿಶರ್ ಜೊತೆ ಸೇರಿ ಬುಡಾಪೆಸ್ಟ್ ಫೆಸ್ಟಿವಲ್ ಆರ್ಕೆಸ್ಟ್ರಾ ಕಟ್ಟಿದರು. 1997ರಿಂದ ಸಾಯುವವರೆಗೂ ದೇಶದ ಮುಖ್ಯ ವಾದ್ಯವೃಂದದ ಸಂಗೀತ ನಿರ್ದೇಶಕರು. ಅದು ಈಗ ಹಂಗೇರಿಯನ್ ನ್ಯಾಷನಲ್ ಫಿಲ್ಹಾರ್ಮೋನಿಕ್.

ಬೇರೆಯವರು ಅರ್ಧಕ್ಕೆ ಬಿಟ್ಟದ್ದನ್ನು ಪೂರ್ತಿ ಮಾಡುವ ಹುಕಿ ಅವರಿಗಿತ್ತು. ರಾವೆಲ್ ‘ಲ ತೊಂಬೊ ದ ಕೂಪರಾಂ’ ಪಿಯಾನೊಗೆ ಬರೆದದ್ದು ಆರು ಭಾಗ, ವಾದ್ಯವೃಂದಕ್ಕೆ ಇಳಿಸಿದ್ದು ನಾಲ್ಕೇ. ಉಳಿದ ಫ್ಯೂಗ್, ತೊಕಾಟಾ ಎರಡನ್ನೂ ಕೊಚಿಶ್ ಇಳಿಸಿದರು. ಷೋನ್‌ಬೆರ್ಗ್ ತಮ್ಮ ‘ಮೋಸಸ್ ಉಂಟ್ ಆರೋನ್’ ಒಪೆರಾದ ಮೂರನೇ ಅಂಕಕ್ಕೆ ಮಾತು ಬರೆದು ಸಂಗೀತ ಬರೆಯದೆ ಹೋದರು. ವಾರಸುದಾರರ ಒಪ್ಪಿಗೆ ಪಡೆದು ಆ ಅಂಕಕ್ಕೆ ಸಂಗೀತ ಕೊಟ್ಟವರು ಇವರೇ, 2010ರಲ್ಲಿ ಬುಡಾಪೆಸ್ಟಿನಲ್ಲಿ ಪ್ರದರ್ಶನ ಆಯಿತು. ಇಂಥ ಕೆಲಸದಲ್ಲಿ ಬೈಗುಳ ತಿನ್ನುವುದೇ ಹೆಚ್ಚು, ಆದರೂ ಕೈ ಹಾಕಿದರು.

ಕೇಳಲು ಎಲ್ಲಿಂದ ಶುರು ಮಾಡಲಿ?

ಈ ಕ್ರಮ ಇಟ್ಟುಕೊಳ್ಳಿ. ಮೊದಲು ಡೆಬುಸಿ. ಆ ಫ್ರೆಂಚ್ ಸಂಯೋಜಕರ ‘ಇಮಾಜ್’ ಅನ್ನು ಕೊಚಿಶ್ ನುಡಿಸಿದ ಮುದ್ರಿಕೆಗೆ 1990ರಲ್ಲಿ ಗ್ರಾಮಫೋನ್ ಪ್ರಶಸ್ತಿ ಬಂದಿದೆ, ಕಿವಿಗೆ ಹಿತ. ಆಮೇಲೆ ರಖ್ಮಾನಿನೊವ್ ಕನ್ಚೆರ್ಟೊಗಳು, ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿ ಮತ್ತು ನಿರ್ದೇಶಕ ಎಡೊ ದ ವಾರ್ಟ್ ಜೊತೆ. ಓಟ ಜಾಸ್ತಿ ಆಯಿತು ಅನಿಸಿದರೆ ರಖ್ಮಾನಿನೊವ್ ತಾವೇ ನುಡಿಸಿದ ಹಳೆಯ ಮುದ್ರಿಕೆ ಕೇಳಿ, ಜೊಲ್ಲಿನಂತೆ ಎಳೆಯುವ ಪದ್ಧತಿ ನಂತರ ಬಂದದ್ದು ಎಂದು ಗೊತ್ತಾಗುತ್ತದೆ. ಮೂರನೆಯದು ಫಿಶರ್ ಜೊತೆಗಿನ ಬಾರ್ತೋಕ್ ಕನ್ಚೆರ್ಟೊಗಳು. ಎರಡನೇ ಕನ್ಚೆರ್ಟೊದ ಮೊದಲ ಭಾಗದಲ್ಲಿ ಪಿಟೀಲು ಬಳಗ ಪೂರ್ತಿ ಸುಮ್ಮನೆ ಕೂತಿರುತ್ತದೆ. ಪಿಯಾನೊ, ಊದುವ ವಾದ್ಯ, ತಾಳವಾದ್ಯ ಅಷ್ಟೇ. ಕುರ್ತಾಗ್ ಕೊನೆಗೆ.

ಹುಡುಕುವಾಗ ಎರಡು ತೊಡಕು. ಫಿಲಿಪ್ಸ್ ಹೆಸರಿನ ಹಳೆಯ ಮುದ್ರಿಕೆಗಳು ಈಗ ಡೆಕ್ಕಾ ಹೆಸರಲ್ಲಿ ಬರುತ್ತವೆ. ಇನ್ನೊಂದು, ಬಾರ್ತೋಕರ ವಾದ್ಯವೃಂದದ ಮುದ್ರಿಕೆಗಳಲ್ಲಿ ಕೊಚಿಶ್ ಹೆಸರು ನಿರ್ದೇಶಕರಾಗಿ ಇರುತ್ತದೆ, ಪಿಯಾನೊ ಬೇಕಿದ್ದರೆ ‘ಪಿಯಾನೊ’ ಪದ ಸೇರಿಸಿಯೇ ಹುಡುಕಿ.

ಯೂಟ್ಯೂಬಿನಲ್ಲಿ ಪಾಪ್ ಹಾಡುಗಳನ್ನು ಮಿಂಚಿನ ವೇಗದಲ್ಲಿ ನುಡಿಸುವ ಹಂಗೇರಿಯವರು ಇವರೇನಾ?

ಅಲ್ಲ, ಅವರು ಪೀಟರ್ ಬೆನ್ಸ್, 1991ರಲ್ಲಿ ಹುಟ್ಟಿದವರು. ಒಂದು ನಿಮಿಷದಲ್ಲಿ 765 ಸಲ ಕೀ ಹೊಡೆದ 2012ರ ಗಿನ್ನೆಸ್ ದಾಖಲೆ ಅವರದು. ಅದು ಬೇರೆ ದಾರಿ, ಅದಕ್ಕೂ ಕೈ ಬೇಕು.

ಬುಡಾಪೆಸ್ಟಿಗೆ ಹೋದರೆ ಏನು ನೋಡಲಿ?

ಲಿಸ್ಟ್ ಅಕಾಡೆಮಿಯ 1907ರ ಕಟ್ಟಡ. ಎಂ1 ಮೆಟ್ರೊದಲ್ಲಿ ಒಕ್ತೊಗೊನ್ ನಿಲ್ದಾಣದಲ್ಲಿ ಇಳಿದು ನಡೆದರೆ ಸಾಕು. ಅದರ ದೊಡ್ಡ ಸಭಾಂಗಣವನ್ನು ಖಾಲಿ ನೋಡುವುದಕ್ಕಿಂತ ಕಛೇರಿಗೆ ಚೀಟಿ ಕೊಳ್ಳುವುದು ಒಳ್ಳೆಯದು. ಅಲ್ಲೇ ಹತ್ತಿರ ವೊರೊಶ್ಮಾರ್ತಿ ಬೀದಿಯಲ್ಲಿ ಲಿಸ್ಟ್ ಮ್ಯೂಸಿಯಂ ಇದೆ. ಬಾರ್ತೋಕ್ ಅಮೆರಿಕಕ್ಕೆ ಹೊರಡುವ ಮೊದಲು ಇದ್ದ ಮನೆ ಬುಡಾ ಗುಡ್ಡದ ಕಡೆ, ಚಲಾನ್ ರಸ್ತೆ 29ರಲ್ಲಿ. ಊರ ನಡುವಿನಿಂದ ದೂರ. ಎರಡನ್ನೂ ಒಂದೇ ಅರ್ಧ ದಿನದಲ್ಲಿ ಮುಗಿಸಲು ಹೋಗಬೇಡಿ.